ಕೌಸರ ನಂಬದ ಬಾಟಲಿ

ನನಗೆ ಸಂಶಯ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬೆನ್ನ ಹಿಂದೆ ಆಡಿಕೊಳ್ಳುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ. ಸವಣೂರಿನ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು. ಪರೀಕ್ಷೆಯ ದಿನ ಯಾವ ಹುಡುಗಿ ಲಂಗದ ನಿರಿಗೆಯಲ್ಲಿ ಚೀಟಿ ಇಟ್ಟುಕೊಂಡು ಬಂದಿದ್ದಾಳೆ ಎಂಬುದು ಅವಳು ಬೆಂಚಿನ ಮೇಲೆ ಕೂಡುವ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು. ನಿವೃತ್ತಿಯಾಗಿ ಆರು ವರ್ಷವಾದರೂ ಚಾಳಿ ಬಿಟ್ಟಿಲ್ಲ. ಹಾಲಿನವನು ಹಾಲು ಹೊಯ್ಯುವಾಗ ನಾನು ಹಾಲನ್ನಲ್ಲ, ಅವನ ಮುಖ ನೋಡುತ್ತೇನೆ. ನಮ್ಮ ಯಜಮಾನರು ವಾದಿರಾಜರು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ: "ನಮ್ಮ ತುಳಸಾ, ದೇವರ ಮುಂದಿನ ದೀಪಾ ಎಣ್ಣಿ ಕದೀತದೇನೋ ಅಂತ ಕಾಯ್ಕೋತ ಕೂಡಾಕಿ."

ಇಂಥ ನನಗೂ ಪಾಠ ಹೇಳಬಲ್ಲ ಸಂಶಯದ ಹೆಂಗಸನ್ನು ನಾನು ಕಂಡದ್ದು ಒಬ್ಬಳನ್ನೇ. ಅವಳು ಕೌಸರ. ಬಳೆಗಾರ ಹುಸೇನಸಾಬನ ಮೂರನೆಯ ಮಗಳು, ನಮ್ಮ ಊರಿನ ಸರಕಾರಿ ಆಸ್ಪತ್ರೆಯ ನರ್ಸು. ನರ್ಸು ಎಂದರೆ ಸೂಜಿ ಚುಚ್ಚಿ ಹೋಗುವವಳು ಅಂದುಕೊಳ್ಳಬೇಡಿ. ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನ ಕಡೆ ಐದು ವರ್ಷ ದುಡಿದು, ಆಮೇಲೆ ಬರೀ ಹೆರಿಗೆಯ ವಿಷಯವನ್ನೇ ಇನ್ನೂ ಒಂದೂವರೆ ವರ್ಷ ಕಲಿತು ಬಂದವಳು. ನರ್ಸ್ ಪ್ರಾಕ್ಟೀಷನರ್ ಎಂದು ಅವಳ ಬಿಲ್ಲೆಯ ಮೇಲೆ ಬರೆದಿದೆ. ಬಸುರಿಯರ ತಾಯಿ ಕಾರ್ಡಿಗೆ ಯಾರದಾದರೂ ಕೆಂಪು ಚೀಟಿ ಅಂಟಿದರೆ, ಅಂದರೆ ಈ ಬಸುರಿಗೆ ಅಪಾಯ ಇದೆ ಎಂದು ಡಾಕ್ಟರರು ಬರೆದರೆ, ಆ ಹೆಣ್ಣುಮಗಳು ಹೆತ್ತು ಮನೆಗೆ ಬರುವವರೆಗೆ ಕೌಸರಳ ಪಾಲಿಗೆ ಬರುತ್ತಾಳೆ.

ನನ್ನ ಮಗಳು ವೃಂದಾಳ ಕಾರ್ಡಿಗೂ ಕೆಂಪು ಚೀಟಿ ಅಂಟಿತ್ತು.

ವೃಂದಾ ನಮಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಅಳಿಯ ಸುಮೇಧ ಹಿರೇಕೆರೂರಿನ ಕಾಲೇಜಿನಲ್ಲಿ ಕಲಿಸುತ್ತಾನೆ. ಎರಡು ವರ್ಷದ ಹಿಂದೆ ಅವಳ ಚೊಚ್ಚಲ ಕೂಸು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು. ಅಲ್ಲಿಯವರೆಗೆ ತೋರಿಸುತ್ತಿದ್ದ ಖಾಸಗಿ ದವಾಖಾನೆಯ ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಬಿಪಿ ಪ್ರತಿ ಸಲ ನೂರಾ ಇಪ್ಪತ್ತು, ಎಂಬತ್ತು. ಆ ಕೂಸನ್ನು ಬಿಳಿ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ಅದರ ಕೂದಲು ಒದ್ದೆಯಿತ್ತು. ಅದನ್ನು ನಾನು ಯಾರ ಮುಂದೆಯೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆವತ್ತಿನಿಂದ ನನಗೆ ದವಾಖಾನೆ ಎಂದರೆ ಆಗುವುದಿಲ್ಲ.

ಹಾಗಾಗಿ ಎರಡನೆಯ ಸಲ ಐದು ತುಂಬುತ್ತಲೇ ನಾನು ವೃಂದಾಳನ್ನು ತವರಿಗೆ ಕರೆತಂದೆ. ಹುಸೇನಸಾಬ ಬಂದು ಅವಳಿಗೆ ಹಸಿರು ಬಳೆ ಇಡಿಸಿದ. ನಲವತ್ತು ವರ್ಷದಿಂದ ನಮ್ಮ ಮನೆಯ ಹೆಣ್ಣುಮಕ್ಕಳ ಕೈ ಹಿಡಿದವನು, ಅಳತೆ ಕೇಳುವುದೇ ಇಲ್ಲ. "ವೃಂದಕ್ಕಂದು ಎರಡು ನಾಕು," ಎಂದು ತಾನೇ ಹೇಳಿಕೊಂಡು ಬಳೆ ತೆಗೆದ. ಹೋಗುವಾಗ, ತನ್ನ ಮಗಳು ಈಗ ಇದೇ ಊರಿಗೆ ಬಂದಿದ್ದಾಳೆ, ಇಂಥ ಬಸುರಿಯರನ್ನು ಅವಳೇ ನೋಡಿಕೊಳ್ಳುತ್ತಾಳೆ ಎಂದ. ನನಗೆ ಆ ಸುದ್ದಿ ಬೇಡವಾಗಿತ್ತು. ಯಾಕೆಂದರೆ ಕೌಸರಳಿಗೂ ನನಗೂ ಒಂದು ಹಳೆಯ ಬಾಕಿ ಇತ್ತು.

ಕೌಸರ ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಹಿಂದಿನ ಬೆಂಚಿನಲ್ಲಿ ಕೂಡುವ, ಹದಿಮೂರರ ಮಗ್ಗಿ ತಪ್ಪುವ ಹುಡುಗಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ನೂರಕ್ಕೆ ತೊಂಬತ್ತಾರು ತೆಗೆದಳು. ನಾನು ಉತ್ತರಪತ್ರಿಕೆಯನ್ನು ಇಡೀ ತರಗತಿಯ ಎದುರಿಗೆ ಎತ್ತಿ ಹಿಡಿದು, "ಇದು ನಿನ್ನ ತಲಿಯಿಂದ ಬಂದದ್ದಲ್ಲ. ನಾಳೆ ಬಂದು ನನ್ನ ಎದುರಿಗೆ ಕೂತು ಬರಿ," ಎಂದೆ. ಮರುದಿನ ಮೇಜಿನ ಪಕ್ಕದಲ್ಲಿ ಒಬ್ಬಳನ್ನೇ ಕೂಡಿಸಿ ಹೊಸ ಪ್ರಶ್ನೆ ಕೊಟ್ಟೆ. ತೊಂಬತ್ತೆರಡು ಬಂತು. ನಾನು ಏನು ಹೇಳಬೇಕಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. "ಹೋಗು," ಎಂದೆ. ಅಷ್ಟೇ. ಮೊದಲ ಬೆಂಚಿನ ನಮ್ಮವರ ಹುಡುಗಿ ತೊಂಬತ್ತಾರು ತೆಗೆದಿದ್ದರೆ ನಾನು ಎರಡನೆಯ ಸಲ ಬರೆಸುತ್ತಿದ್ದೆನೇ ಎಂದು ಇಪ್ಪತ್ತು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ನನಗೆ ಇಷ್ಟವಾಗುವಂಥದ್ದಲ್ಲ.

ಆ ಹುಡುಗಿ ಈಗ ಸ್ಕೂಟಿಯ ಮೇಲೆ ನಮ್ಮ ಮನೆಗೆ ಬಂದಳು. ಸಣಕಲು ಮೈ, ಬಿಗಿಯಾಗಿ ಸುತ್ತಿದ ತಲೆವಸ್ತ್ರ, ಹೆಗಲಿಗೆ ಜೋತುಬಿದ್ದ ಚೀಲ.

"ಅಕ್ಕೋರ, ಒಳಗ ಬರಲೇನ್ರಿ?"

ನಮ್ಮ ಕಡೆ ಕಲಿಸಿದ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇರಲಿಲ್ಲ ಎಂಬುದೇ ನನಗೆ ಅನುಮಾನ ತಂದಿತು.

ಅವಳ ಚೀಲದಲ್ಲಿ ಬಿಪಿ ನೋಡುವ ಯಂತ್ರ ಒಂದಲ್ಲ, ಎರಡಿದ್ದವು. ಯಾಕೆಂದು ಕೇಳಿದೆ. "ಒಂದರ ಮ್ಯಾಲೆ ನನಗ ನಂಬಿಕಿ ಇಲ್ರಿ," ಎಂದಳು. ಎರಡೂ ತೋಳಿಗೆ ಕಟ್ಟಿ ನೋಡಿದಳು, ಹತ್ತು ನಿಮಿಷ ವೃಂದಾಳನ್ನು ಸುಮ್ಮನೆ ಕೂಡಿಸಿ ಮತ್ತೆ ನೋಡಿದಳು. ಹೋದ ಬಸಿರಿನ ಹಳೆಯ ಕಾರ್ಡು ಕೇಳಿ ಇಸಿದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. "ಎಲ್ಲಾ ಸಲಾನೂ ನೂರಾ ಇಪ್ಪತ್ತು, ಎಂಬತ್ತು. ಮನುಷ್ಯಾರ ಮೈ ಹಿಂಗ ಗೆರಿ ಹೊಡದಂಗ ಇರಂಗಿಲ್ರಿ," ಎಂದು ಗೊಣಗಿದಳು. ಡಾಕ್ಟರರು ಬರೆದ ಬಿಪಿ ಮಾತ್ರೆಯ ಹಾಳೆಯಲ್ಲಿ ಎಷ್ಟು ಗುಳಿಗೆ ಖಾಲಿಯಾಗಿವೆ ಎಂದು ಎಣಿಸಿದಳು. ಉಪ್ಪಿನಕಾಯಿ, ಹಪ್ಪಳ ಎಷ್ಟು ತಿನ್ನುತ್ತೀರಿ ಎಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು, ದಾಟಲಿಲ್ಲ. ನಮ್ಮ ಮನೆಯ ಮಡಿ ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದಕ್ಕೂ ನನಗೆ ಸಿಟ್ಟು ಬಂತು.

ಅವಳು ಹೋದ ಮೇಲೆ ಯಜಮಾನರು ನಕ್ಕರು. "ನಿನಗ ತಕ್ಕಾಕಿ ಸಿಕ್ಕಳು ನೋಡು."

ಅಕ್ಕಿಆಲೂರಿನ ಒಂದು ಕಥೆಯನ್ನು ಅವಳೇ ವೃಂದಾಳಿಗೆ ಹೇಳಿದ್ದಳಂತೆ. ಅಕ್ಕಿ ಗಿರಣಿಯವರ ಮನೆಯ ಸೊಸೆಗೆ ರಕ್ತ ಕಡಿಮೆಯಿತ್ತು. ಕಬ್ಬಿಣದ ಗುಳಿಗೆ ದಿನಾ ನುಂಗುತ್ತೇನೆ ಎಂದು ಆಣೆ ಮಾಡುತ್ತಿದ್ದಳು, ಗುಳಿಗೆಯ ಹಾಳೆಯೂ ಖಾಲಿಯಿರುತ್ತಿತ್ತು, ಆದರೆ ರಕ್ತ ಏರುತ್ತಿರಲಿಲ್ಲ. ಕೌಸರ ಒಂದೇ ಪ್ರಶ್ನೆ ಕೇಳಿದಳು: ಬಯಲಕಡೆ ಹೋದರೆ ಯಾವ ಬಣ್ಣ? ಸೊಸೆ ದಿನಾ ಇರುವ ಬಣ್ಣವೇ ಎಂದಳು. ಕಬ್ಬಿಣ ನುಂಗಿದವರಿಗೆ ಕಪ್ಪಗಾಗಬೇಕು. ಗುಳಿಗೆಗಳೆಲ್ಲ ಹಿತ್ತಲಿನ ಕರಿಬೇವಿನ ಬುಡದಲ್ಲಿ ಸಿಕ್ಕವು. ವೃಂದಾ ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗಲಿಲ್ಲ. ಹೇಲಿನ ಬಣ್ಣ ಕೇಳುವ ಹೆಂಗಸಿನ ಮುಂದೆ ಏನನ್ನು ಮುಚ್ಚಿಡಲು ಸಾಧ್ಯ ಎಂದು ಆಗ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಎಂಟನೆಯ ತಿಂಗಳು ಹಿಡಿದಾಗ ಬಿಪಿ ಸ್ವಲ್ಪ ಏರಿತು. ಕೌಸರ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದಳು:

"ಇನ್ನ ಮ್ಯಾಲೆ ಪ್ರತಿ ಮಂಗಳವಾರ ಮೂತ್ರ ನೋಡ್ತೇನ್ರಿ. ಅದರಾಗ ಪ್ರೋಟೀನ್ ಕಂಡ್ರ ಬಿಪಿ ಮೂತ್ರಪಿಂಡಕ್ಕ ಇಳದೈತಿ ಅಂತ ಅರ್ಥ. ಫಿಟ್ಸ್ ಬರಬಹುದು, ಕೂಸಿಗೂ ತ್ರಾಸು. ಅವತ್ತ ಡಾಕ್ಟರಿಗೆ ಫೋನ್ ಮಾಡಿ, ಅವತ್ತ ಹುಬ್ಬಳ್ಳಿಗೆ ಹೋಗೂದು. ಒಂದ ದಿನಾನೂ ಕಾಯಂಗಿಲ್ಲ."

ವೃಂದಾ ತಲೆಯಾಡಿಸಿದಳು. ನಾನು ಶಿಗ್ಗಾಂವಿಯ ನನ್ನ ತಂಗಿ ವಿಭಾಳಿಗೆ ಫೋನ್ ಮಾಡಿದೆ. ಅದೇ ನನ್ನ ತಪ್ಪು.

"ಅಕ್ಕಾ, ಹುಷಾರ್," ಎಂದಳು ವಿಭಾ. "ನಮ್ಮ ಓಣಿಯ ಹುಡುಗೀಗೂ ಮೂತ್ರದಾಗ ಏನೋ ಬಂತು ಅಂದ್ರು. ಮುಂಜಾನೆ ಕರಕೊಂಡು ಹೋದ್ರು, ಮಧ್ಯಾಹ್ನ ಕೊಯ್ದ್ರು. ಇವರಿಗೆ ಇಂತಿಷ್ಟು ಮಂದಿನ್ನ ಕಳಸಬೇಕು ಅಂತ ಮ್ಯಾಲಿಂದ ಇರ್ತದಂತ. ಅದರಾಗ ನೀ ಹಿಂದ ಆ ಹುಡುಗೀಗೆ ಏನು ಮಾಡಿದ್ದಿ, ನೆನಪದ ಇಲ್ಲೋ?"

ನೆನಪಿತ್ತು. ಆ ಸಂಜೆಯೆಲ್ಲ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡಿತು. ಮೂತ್ರ ಚೆನ್ನಾಗಿದ್ದರೆ ಹುಬ್ಬಳ್ಳಿಯಿಲ್ಲ. ಹುಬ್ಬಳ್ಳಿಯಿಲ್ಲದಿದ್ದರೆ ಕೊಯ್ಯುವುದಿಲ್ಲ. ಕೂಸು ಒಂಬತ್ತು ತುಂಬಿ ತನ್ನ ಹೊತ್ತಿಗೆ ತಾನು ಬರುತ್ತದೆ. ಆಸ್ಪತ್ರೆಯ ಕೈಗೆ ಸಿಕ್ಕದಂತೆ ಮಗಳನ್ನು ಕಾಯಬೇಕು, ಅಷ್ಟೇ ನನಗೆ ಕಂಡದ್ದು.

ಮಂಗಳವಾರ ಕೌಸರ ಪ್ಲಾಸ್ಟಿಕ್ ಬಾಟಲಿ ಕೊಟ್ಟಳು. ವೃಂದಾ ಬಚ್ಚಲಿಗೆ ಹೊರಟಾಗ ನಾನು ಹೇಳಿದೆ: "ಬಗ್ಗಿ ಎದ್ದು ಅದನ್ನ ಹಿಡ್ಕೊಂಡು ತಿರಗಬ್ಯಾಡ. ಅಲ್ಲೇ ಕಟ್ಟಿ ಮ್ಯಾಲೆ ಇಟ್ಟು ಬಾ, ನಾ ತರ್ತೀನಿ." ಅವಳು ಬಂದ ಮೇಲೆ ನಾನು ಹೋದೆ. ಬಾಗಿಲು ಹಾಕಿದೆ. ಬಾಟಲಿಯನ್ನು ಬರಿದು ಮಾಡಿ, ತೊಳೆದು, ನನ್ನದನ್ನು ತುಂಬಿದೆ.

ಮೂವತ್ತೊಂದು ವರ್ಷ ಕಾಪಿ ಹಿಡಿದವಳು ಅರವತ್ತಾರನೆಯ ವಯಸ್ಸಿನಲ್ಲಿ ಕಾಪಿ ಹೊಡೆದೆ. ಹೊರಗೆ ಬಂದು ಬಾಟಲಿಯನ್ನು ಅವಳ ಕೈಗೆ ಕೊಟ್ಟು, "ಚಹಾ ಕುಡೀತೀಯೇನು?" ಎಂದು ಬೇರೆ ಕೇಳಿದೆ.

ಕೌಸರ ಬಣ್ಣದ ಚೌಕಗಳಿರುವ ಪಟ್ಟಿಯನ್ನು ಅದರಲ್ಲಿ ಅದ್ದಿ ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿದಳು. ಪ್ರೋಟೀನ್ ಇರಲಿಲ್ಲ. ಆದರೆ ಇನ್ನೊಂದು ಚೌಕ ಗಾಢವಾಗಿ ತಿರುಗಿತು.

"ಸಕ್ಕರಿ ಬಂದೈತೆಲ್ರಿ?"

ಸಕ್ಕರೆ ಕಾಯಿಲೆ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. "ನಿನ್ನೆ ಹೋಳಿಗಿ ತಿಂದಾಳ," ಎಂದೆ. ಅವಳು ವೃಂದಾಳ ಬೆರಳು ಚುಚ್ಚಿ ರಕ್ತ ನೋಡಿದಳು. ಎಂಬತ್ತೆಂಟು. ಅದು ಒಳ್ಳೆಯ ಅಂಕಿಯಂತೆ. ಬಸಿರಿನಲ್ಲಿ ಒಮ್ಮೊಮ್ಮೆ ರಕ್ತದಲ್ಲಿಲ್ಲದ ಸಕ್ಕರೆ ಮೂತ್ರದಲ್ಲಿ ಕಾಣುವುದುಂಟು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಸ್ಕೂಟಿ ಹತ್ತುವಾಗ ತಿರುಗಿ ನಮ್ಮ ಬಚ್ಚಲಿನ ಕಡೆ ಒಂದು ಸಲ ನೋಡಿದಳು. ನಾನೂ ಅವಳನ್ನು ನೋಡಿದೆ. ಪರೀಕ್ಷಾ ಕೋಣೆಯಲ್ಲಿ ನಾನು ನೋಡುತ್ತಿದ್ದ ನೋಟ ಅದು.

ಹೀಗೆ ಮೂರು ಮಂಗಳವಾರ ಕಳೆದವು. ಪ್ರೋಟೀನ್ ಇಲ್ಲ, ಸಕ್ಕರೆ ಇದೆ. ಬಿಪಿ ಮಾತ್ರ ನಿಧಾನವಾಗಿ ಏರುತ್ತಿತ್ತು, ಡಾಕ್ಟರರು ಮಾತ್ರೆ ಹೆಚ್ಚು ಮಾಡಿದರು. ನಾನು ಗೆದ್ದೆ ಅಂದುಕೊಂಡೆ.

ಒಂಬತ್ತು ಹಿಡಿಯುತ್ತಲೇ ಶುಕ್ರವಾರ ಮನೆಯ ಮಟ್ಟಿಗೆ ಕುಬಸ, ಅಂದರೆ ಸೀಮಂತ, ಮಾಡಿದೆವು. ಹಸಿರು ಸೀರೆ, ಮಲ್ಲಿಗೆ ದಂಡೆ, ಐದು ಜನ ಮುತ್ತೈದೆಯರು. ವೃಂದಾಳ ಮುಖ ದುಂಡಗಾಗಿತ್ತು, ಕಾಲು ಬಾತಿದ್ದವು. ಬಂದವರೆಲ್ಲ ಮೈ ತುಂಬಿಕೊಂಡು ಎಷ್ಟು ಕಳೆ ಬಂದಿದೆ ಎಂದರು. ನನಗೂ ಹಾಗೆಯೇ ಕಂಡಿತು. ಹುಸೇನಸಾಬ ಬಳೆಯ ಮಲಾರ ಬಿಚ್ಚಿ ಕೂತು ಎರಡು ನಾಕು ತೆಗೆದ. ಬೆರಳಗೆಣ್ಣು ದಾಟಲಿಲ್ಲ. ಎರಡು ಆರು ತೆಗೆದ, ಅದೂ ಹತ್ತಲಿಲ್ಲ. ಸಾಬೂನು ಹಚ್ಚಿ ಎರಡು ಎಂಟನ್ನು ಒತ್ತಿ ಏರಿಸುವಾಗ ಒಂದು ಬಳೆ ಒಡೆಯಿತು.

ಕುಬಸದ ದಿನ ಬಳೆ ಒಡೆದರೆ ಯಾವ ತಾಯಿ ಸುಮ್ಮನಿರುತ್ತಾಳೆ! "ಕಣ್ಣು ಮಂಜಾಗ್ಯಾವೇನೋ ನಿನಗ? ಶುಭದ ಮನ್ಯಾಗ ಇದೇನು ಮಾಡಿದಿ?" ಎಂದು ಎಲ್ಲರ ಮುಂದೆ ಕೂಗಾಡಿದೆ. ಹುಸೇನಸಾಬ ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವನು ವೃಂದಾಳ ಮಣಿಕಟ್ಟನ್ನೇ ನೋಡುತ್ತಿದ್ದ. ಅವನ ಹೆಬ್ಬೆರಳು ಒತ್ತಿದ ಜಾಗದಲ್ಲಿ ಗುಳಿ ಬಿದ್ದಿತ್ತು, ಅದು ಮೇಲೇಳಲೇ ಇಲ್ಲ.

"ತಪ್ಪಾತ್ರಿ ಅಕ್ಕೋರ," ಎಂದು ಮಲಾರ ಕಟ್ಟಿಕೊಂಡು ಬೇಗ ಬೇಗ ಹೋದ.

ಮರುದಿನ ಶನಿವಾರ ಮುಂಜಾನೆ ಒಂಬತ್ತಕ್ಕೆ ಕೌಸರ ಬಾಗಿಲಲ್ಲಿದ್ದಳು. ಅದು ಅವಳ ದಿನವಲ್ಲ.

"ಇವತ್ತ್ಯಾಕ ಬಂದಿ?" ಎಂದೆ.

"ಅಬ್ಬಾ ಹೇಳಿದ್ರು. ಮೂರು ತಿಂಗಳದಾಗ ಎರಡು ನಾಕರ ಕೈ ಎರಡು ಎಂಟಕ್ಕೂ ಹತ್ತವಲ್ದು ಅಂತ. ಒತ್ತಿದ್ರ ತೆಗ್ಗು ಬೀಳ್ತೈತಿ ಅಂತ." ಅವಳು ಆಗಲೇ ವೃಂದಾಳ ತೋಳಿಗೆ ಪಟ್ಟಿ ಕಟ್ಟುತ್ತಿದ್ದಳು. "ಪಾದ ಬಾತ್ರ ನಾ ಅಷ್ಟ ಹೆದರಂಗಿಲ್ರಿ. ಕೈ, ಮುಖ ಬಾತ್ರ ಹೆದರ್ತೇನಿ."

ಒಂದು ಯಂತ್ರ ನೂರಾ ಐವತ್ತೆಂಟು, ನೂರಾ ನಾಲ್ಕು ಎಂದಿತು. ಇನ್ನೊಂದು ಯಂತ್ರವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಕೌಸರ ಬಾಟಲಿ ತೆಗೆದಳು. ನಾನು ಎಂದಿನ ಹಾಗೆ "ಅಲ್ಲೇ ಇಟ್ಟು ಬಾ" ಎಂದೆ, ಎಂದಿನ ಹಾಗೆ ಹೋದೆ, ಎಂದಿನ ಹಾಗೆ ತುಂಬಿ ತಂದೆ. ಇಷ್ಟಾದ ಮೇಲೂ! ಈಗ ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಪಟ್ಟಿ ಅದೇ ಹೇಳಿತು. ಪ್ರೋಟೀನ್ ಇಲ್ಲ, ಸಕ್ಕರೆ ಇದೆ. ಕೌಸರ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲದ ತಳದಿಂದ ಒಂದು ಸಣ್ಣ ಬಿಳಿ ಪೊಟ್ಟಣ ತೆಗೆದು ಹರಿದಳು. ಬೆರಳಿನಷ್ಟುದ್ದದ ಪ್ಲಾಸ್ಟಿಕ್ ತುಂಡು. ಅದರ ತಗ್ಗಿನಲ್ಲಿ ಬಾಟಲಿಯಿಂದ ಮೂರು ಹನಿ ಹಾಕಿ ಮೇಜಿನ ಮೇಲೆ ಇಟ್ಟಳು. ಐದು ನಿಮಿಷದ ಮೇಲೆ ಅದನ್ನು ನನ್ನ ಕಡೆ ತಳ್ಳಿದಳು.

"ಅಕ್ಕೋರ, ಇದರಾಗ ಎಷ್ಟು ಗೆರಿ ಅದಾವ, ನೋಡಿ ಹೇಳ್ರಿ."

"ಒಂದು."

"ಬಸುರು ಐತೋ ಇಲ್ಲೋ ಅಂತ ನೋಡು ಕಿಟ್ ಇದು. ಬಸುರು ಇದ್ರ ಎರಡು ಗೆರಿ. ಒಂದ ಗೆರಿ ಬಂದ್ರ ಬಸುರಿಲ್ಲ."

ವೃಂದಾ ತನ್ನ ಹೊಟ್ಟೆಯನ್ನು ನೋಡಿಕೊಂಡಳು, ಆ ತುಂಡನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ. ನನ್ನ ತರಗತಿಯ ಎಷ್ಟು ಹುಡುಗಿಯರು ನನ್ನ ಮುಂದೆ ಹೀಗೆ ನಿಂತು ಗಡಿಯಾರ ನೋಡಿದ್ದರೋ.

"ಅವ್ವಾ," ಎಂದಳು ವೃಂದಾ, "ಇದು ಯಾರದು?"

ಕೌಸರ ಕೂಗಾಡಲಿಲ್ಲ. ಹೊಸ ಬಾಟಲಿ ತೆಗೆದು ವೃಂದಾಳ ಕೈಗೆ ಕೊಟ್ಟಳು. "ಬರ್ರಿ ವೃಂದಕ್ಕ. ಈಗ ನನ್ನ ಎದುರಿಗೆ." ಇಬ್ಬರೂ ಬಚ್ಚಲಿಗೆ ಹೋದರು. ಬಾಗಿಲು ತೆರೆದೇ ಇತ್ತು. ನಾನು ನಡುಮನೆಯಲ್ಲಿ ನಿಂತಿದ್ದೆ.

ಈ ಸಲ ಪಟ್ಟಿಯ ಚೌಕ ಹಸಿರಾಯಿತು. ಡಬ್ಬಿಯ ಮೇಲೆ ಆ ಬಣ್ಣದ ಕೆಳಗೆ ಮೂರು ಪ್ಲಸ್ ಗುರುತಿತ್ತು.

"ತಲಿ ನೋಯ್ತೈತೇನ್ರಿ?" ಎಂದು ಕೌಸರ ಕೇಳಿದಳು.

"ಎರಡು ದಿನದಿಂದ," ಎಂದಳು ವೃಂದಾ. "ಕುಬಸದ ಗದ್ಲಕ್ಕ ಇರಬೇಕು ಅಂತ ಹೇಳಲಿಲ್ಲ. ಮುಂಜಾನಿಂದ ಕಣ್ಣ ಮುಂದ ಏನೋ ಮಿಂಚಿದಂಗ ಆಗಲಿಕ್ಕತ್ತದ."

ಕೌಸರ ಕೂಡಲೇ ಎದ್ದಳು. ಫೋನ್ ತೆಗೆದು ಡಾಕ್ಟರರೊಂದಿಗೆ ಮಾತಾಡುತ್ತಲೇ ಇನ್ನೊಂದು ಕೈಯಿಂದ ಚೀಲ ಕಟ್ಟಿದಳು. ಆಗ ನಾನು ಬಾಯಿ ಬಿಟ್ಟೆ. ಬಿಟ್ಟದ್ದು ತಪ್ಪೊಪ್ಪಿಕೊಳ್ಳಲು ಅಲ್ಲ, ಜಗಳಕ್ಕೆ. "ಕೊಯ್ಯೂದಕ್ಕ ಕರಕೊಂಡು ಹೊಂಟೀಯಲ್ಲ? ಹಳೇ ಸಿಟ್ಟು ನನ್ನ ಮಗಳ ಮ್ಯಾಲೆ ತೀರಿಸ್ಕೋತೀಯೇನು?"

ಅವಳು ತಿರುಗಿದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ದನಿ ಏರಿತು.

"ಹೋದ ಸಲದ ಕಾರ್ಡೂ ಹಿಂಗ ಸ್ವಚ್ಛ ಇತ್ರಿ ಅಕ್ಕೋರ. ಕೂಸು ಉಳೀತೇನ್ರಿ?"

ಆ ಸ್ವಚ್ಛ ಕಾರ್ಡನ್ನು ಎರಡು ವರ್ಷ ಬೈದವಳು ನಾನು. ಅಂಥದೇ ಇನ್ನೊಂದು ಕಾರ್ಡನ್ನು ನನ್ನ ಕೈಯಾರೆ ಬರೆಸಿದವಳೂ ನಾನೇ. ಒದ್ದೆ ಕೂದಲಿನ ಆ ಕೂಸು ಕಣ್ಣ ಮುಂದೆ ಬಂತು. ಅಯ್ಯೋ ದೇವರೇ, ಮೂರು ವಾರ! ಮೂರು ವಾರ ನಾನು ಯಾರಿಂದ ಯಾರನ್ನು ಕಾಯುತ್ತಿದ್ದೆ?

ಅಂಬುಲೆನ್ಸ್ ಇಪ್ಪತ್ತು ನಿಮಿಷದಲ್ಲಿ ಬಂತು. ಊರಿನ ಆಸ್ಪತ್ರೆಯಲ್ಲಿ ಡಾಕ್ಟರರು ನೋಡಿ, ಫಿಟ್ಸ್ ಬರದಂತೆ ತಡೆಯುವ ಇಂಜೆಕ್ಷನ್ ಹಾಕಿಸಿದರು. ನನಗೆ ಅಷ್ಟರಲ್ಲೂ ಸಂಶಯ. ಹಾವೇರಿ ಹತ್ತಿರವಿರುವಾಗ ಹುಬ್ಬಳ್ಳಿ ಯಾಕೆ ಎಂದು ಕೇಳಿದೆ. "ಸಣ್ಣ ಕೂಸಿನ ಗಾಜಿನ ಪೆಟಿಗಿ ಅಲ್ಲಿ ಖಾಲಿ ಐತಂತ ಡಾಕ್ಟರು ಫೋನ್ ಮಾಡಿ ಕೇಳ್ಯಾರ್ರಿ. ಹತ್ರಿ," ಎಂದಳು ಕೌಸರ. ನನ್ನನ್ನು ಬಿಟ್ಟು ಹೋಗುತ್ತಾಳೆ ಅಂದುಕೊಂಡಿದ್ದೆ. ಬಿಡಲಿಲ್ಲ. ವೃಂದಾಳನ್ನು ಎಡಮಗ್ಗುಲಿಗೆ ಮಲಗಿಸಿ, ಅವಳ ಕೈಯನ್ನು ನನ್ನ ಕೈಯಲ್ಲಿಟ್ಟು, "ಈ ಕೈ ಅದುರಿದ್ರ ಮೊದಲ ನನಗ ಹೇಳ್ರಿ," ಎಂದಳು. ಬಂಕಾಪುರ ದಾಟಿತು, ಶಿಗ್ಗಾಂವಿ ದಾಟಿತು. ಹತ್ತು ಹತ್ತು ನಿಮಿಷಕ್ಕೆ ಅವಳು ಒಂದು ಪುಟ್ಟ ಸುತ್ತಿಗೆಯಿಂದ ವೃಂದಾಳ ಮೊಣಕಾಲು ತಟ್ಟಿ ಅದು ಜಿಗಿಯುತ್ತದೆಯೇ ನೋಡುತ್ತಿದ್ದಳು. ಜಿಗಿಯದಿದ್ದರೆ ಇಂಜೆಕ್ಷನ್ ಹೆಚ್ಚಾಗಿದೆ ಎಂದು ತಿಳಿಯಬೇಕಂತೆ. ತಾನೇ ಕೊಟ್ಟ ಔಷಧದ ಮೇಲೂ ಅವಳಿಗೆ ನಂಬಿಕೆಯಿರಲಿಲ್ಲ. ಆ ಅಪನಂಬಿಕೆ ನೋಡಿ ನನಗೆ ಮೊದಲ ಸಲ ಧೈರ್ಯ ಬಂತು.

ತಡಸದ ಹತ್ತಿರ ಅವಳು ಹುಬ್ಬಳ್ಳಿಯವರಿಗೆ ಕೊಡಬೇಕಾದ ಹಾಳೆ ತುಂಬಿದಳು. ನಾನು ಕತ್ತು ಚಾಚಿ ಓದಿದೆ. ನನ್ನ ಹೆಸರು ಬರೆಯುತ್ತಾಳೆ, ತಾಯಿಯೇ ಹೀಗೆ ಮಾಡಿದಳು ಎಂದು ಬರೆಯುತ್ತಾಳೆ, ಅಳಿಯ ಓದುತ್ತಾನೆ, ಊರೆಲ್ಲ ಓದುತ್ತದೆ. ಅವಳು ಬರೆದದ್ದು ಒಂದೇ ಸಾಲು: ಹಿಂದಿನ ಮೂರು ವಾರದ ಮೂತ್ರ ಪರೀಕ್ಷೆಗಳನ್ನು ನಂಬಬಾರದು, ಇಂದಿನದು ನನ್ನ ಎದುರಿಗೆ ತೆಗೆದುಕೊಂಡದ್ದು. ಕೆಳಗೆ ತನ್ನ ಸಹಿ.

ಮಧ್ಯಾಹ್ನ ಮೂರಕ್ಕೆ ಆಪರೇಷನ್ ಆಯಿತು. ಹೆಣ್ಣು ಕೂಸು, ಒಂದು ಕಿಲೋ ಒಂಬೈನೂರು ಗ್ರಾಂ. ಅತ್ತಿತು. ನಾನು ಆ ಅಳುವನ್ನು ಬಾಗಿಲ ಹೊರಗಿನಿಂದ ಕೇಳಿದೆ, ಕೇಳಿದ ಮೇಲೂ ನಂಬಲಿಲ್ಲ. ಒಳಗಿಂದ ಬಂದ ಕೌಸರ ನನ್ನ ಮುಖ ನೋಡಿ ತಿಳಿದುಕೊಂಡಳು. ನನ್ನನ್ನು ಗಾಜಿನ ಹತ್ತಿರ ಕರೆದೊಯ್ದು ನಿಲ್ಲಿಸಿದಳು. ಕೂಸಿನ ಎದೆ ಏರಿ ಇಳಿಯುತ್ತಿತ್ತು. ನಾನು ಇಪ್ಪತ್ತರವರೆಗೆ ಎಣಿಸಿದೆ, ಆಮೇಲೆ ಅಲ್ಲಿಯೇ ಎಲ್ಲರ ಮುಂದೆ ಅತ್ತೆ.

ವೃಂದಾಳ ಬಿಪಿ ಇಳಿಯಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಐದನೆಯ ದಿನ, "ಅವ್ವಾ, ನಿನ್ನ ಊಟ ಆತೇನು?" ಎಂದಳು. ಕೂಸನ್ನು ಹತ್ತೊಂಬತ್ತು ದಿನ ಇಟ್ಟುಕೊಂಡು ಕಳಿಸಿದರು.

ಬಾಣಂತಿಯನ್ನು ನೋಡಲು ಕೌಸರ ಮನೆಗೆ ಬಂದಳು. ಎರಡೂ ಯಂತ್ರದಲ್ಲಿ ವೃಂದಾಳ ಬಿಪಿ ನೋಡಿದಳು, ಕೂಸನ್ನು ತೂಗಿದಳು. ಆಮೇಲೆ ನನ್ನ ಕೈ ಹಿಡಿದು, ಕೇಳದೆಯೇ ಬೆರಳು ಚುಚ್ಚಿದಳು. ಇನ್ನೂರಾ ಅರವತ್ತೆಂಟು.

"ಆ ಬಾಟಲಿ ಸಕ್ಕರಿ ಯಾರದು ಅಂತ ನೋಡಬೇಕಿತ್ರಿ," ಎಂದಳು. "ಸೋಮವಾರ ಆಸ್ಪತ್ರೆಗೆ ಬರ್ರಿ. ಗುಳಿಗಿ ಹಾಳಿ ನಾನ ಎಣಸ್ತೇನಿ, ಮೊದಲ ಹೇಳಿರ್ತೇನಿ."

ಅವಳನ್ನು ಅಡುಗೆಮನೆಗೆ ಕರೆದು ಮಣೆ ಹಾಕಿ ಕೂಡಿಸಿದೆ. ಚಹಾ ಕೊಟ್ಟೆ. ಅವಳು ಅರ್ಧ ಕುಡಿದ ಮೇಲೆ ಇಪ್ಪತ್ತು ವರ್ಷದ ಮಾತನ್ನು ಹೇಳಿದೆ.

"ಕೌಸರ, ಏಳನೇ ಕ್ಲಾಸಿನಾಗ ನಿನ್ನ ಎಲ್ಲಾರ ಮುಂದ ಕಳ್ಳಿ ಮಾಡಿದೆ. ನೀ ಎರಡನೇ ಸಲಾನೂ ಬರದು ತೋರಿಸಿದಿ. ನಾ ತಪ್ಪಾತು ಅನ್ನಲಿಲ್ಲ. ಈಗ ಅನ್ನಲಿಕ್ಕತ್ತೀನಿ."

ಅವಳು ಲೋಟ ಕೆಳಗಿಟ್ಟಳು. ಆಮೇಲೆ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದೇ ಆಗ.

"ತಪ್ಪು ಯಾಕ ಅಂತೀರಿ ಅಕ್ಕೋರ? ಮೊದಲನೇದು ನಾ ಕಾಪಿನ ಹೊಡದಿದ್ನಿ. ಬಾಜೂಕ ನೀಲಾ ಕುಂತಿದ್ಲಲ್ರಿ, ಅಕಿದು ಪೂರಾ ನೋಡಿ ಬರದಿದ್ನಿ. ನೀವು ನಾಳೆ ಬಂದು ಎದುರಿಗೆ ಬರಿ ಅಂದ್ರಿ. ಅಬ್ಬಾಗ ಗೊತ್ತಾದ್ರ ಶಾಲಿ ಬಿಡಸ್ತಾರಂತ ಹೆದರಿ, ಆ ಸಂಜಿ ನೀಲಾನ ಮನ್ಯಾಗ ಕುಂತು ಎಲ್ಲಾ ಲೆಕ್ಕ ಬಿಡಿಸೋದು ಕಲತ್ನಿ. ಅದು ನಾ ಮೊದಲನೇ ಸಲ ಖರೇವಂದ್ರೂ ಕಲತದ್ದು." ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಯಾವುದನ್ನೂ ಒಂದ ಸಲಕ್ಕ ನಂಬಬಾರದು, ಎದುರಿಗೆ ಕೂಡಿಸಿ ಇನ್ನೊಮ್ಮೆ ನೋಡಬೇಕು ಅಂತ ನಿಮ್ಮಿಂದನ ಬಂದದ್ರಿ ನನಗ."

ಸ್ಕೂಟಿಯ ಸದ್ದು ಓಣಿಯ ತಿರುವಿನಲ್ಲಿ ಹೋಯಿತು. ನಾನು ಅಡುಗೆಮನೆಯಲ್ಲೇ ಕೂತಿದ್ದೆ. ಅವಳು ಹೇಳಿದ್ದು ನಿಜವೇ? ಅಥವಾ ಮುದುಕಿಯ ಎದೆಯ ಭಾರ ಇಳಿಯಲೆಂದು ಆ ಕ್ಷಣಕ್ಕೆ ಕಟ್ಟಿದ ಮಾತೇ? ಬಾಟಲಿ ಯಾರದೆಂದು ಗೊತ್ತಿದ್ದೂ ಹಾಳೆಯ ಮೇಲೆ ಹೆಸರು ಬರೆಯದವಳು, ಇಷ್ಟು ಮಾಡುವವಳಲ್ಲ ಎಂದು ಹೇಗೆ ಹೇಳಲಿ?

ನೀಲಾಳನ್ನು ಕೇಳಿದರೆ ಗೊತ್ತಾಗುತ್ತದೆ. ಅವಳನ್ನು ಹತ್ತಿಮತ್ತೂರಿಗೆ ಕೊಟ್ಟಿದ್ದಾರೆ, ಮನೆ ಯಾವುದೆಂದೂ ಗೊತ್ತು. ನಮ್ಮ ಬಸ್ ಸ್ಟ್ಯಾಂಡಿನಿಂದ ದಿನಕ್ಕೆ ಎಷ್ಟೋ ಬಸ್ಸುಗಳು ಅಲ್ಲಿಗೆ ಹೋಗುತ್ತವೆ. ಮೊಮ್ಮಗಳಿಗೆ ಈಗ ಏಳು ತಿಂಗಳು. ನಾನು ಇನ್ನೂ ಆ ಬಸ್ಸು ಹತ್ತಿಲ್ಲ.